ರಸಾಯನಶಾಸ್ತ್ರದ ಪ್ರವೇಶಪಾಠದಲ್ಲಿ ಪರಮಾಣು: ಒಂದು ವಿಮರ್ಶೆ

ಕಾವ್ಯ, ನಾಟಕ, ಕಾದಂಬರಿಗಳನ್ನು ವಿಮರ್ಶಿಸುವ ಪರಿಪಾಟಿ ನಮ್ಮಲ್ಲಿ ಬಹುಕಾಲದಿಂದ ಬೆಳೆದು ಬಂದಿದೆ. ಆದರೆ ನಾಡಿನ ಎಲ್ಲ ಬಾಲಕ ಬಾಲಕಿಯರೂ ಓದಲೇಬೇಕಾದ ಇನ್ನೊಂದು ಗದ್ಯವಿದೆ. ಅದನ್ನು ಗದ್ಯವೆಂದು ಪರಿಗಣಿಸಿ ಅದರ ವಾಕ್ಯಗಳನ್ನು ತೂಗಿ ನೋಡಿದವರು ವಿರಳ. ಪಠ್ಯಪುಸ್ತಕದ ಗದ್ಯವೇ ಅದು. ಅದರಲ್ಲಿಯೂ ರಸಾಯನಶಾಸ್ತ್ರದ ಹೊಸ್ತಿಲಲ್ಲಿ ನಿಂತಿರುವ ಪರಮಾಣು ರಚನೆಯ ಪಾಠವನ್ನು ಆರಿಸಿಕೊಂಡು, ಅದು ಕನ್ನಡದಲ್ಲಿ ಏನು ಹೇಳುತ್ತದೆ, ಹೇಗೆ ಹೇಳುತ್ತದೆ, ಹೇಳಹೊರಟದ್ದನ್ನೇ ಹೇಳುತ್ತದೆಯೇ ಎಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಧಾರವಾಗಿ ಇಟ್ಟುಕೊಂಡಿರುವುದು ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕೆಲವು ವರ್ಷಗಳ ಹಿಂದೆ ಬಳಕೆಗೆ ಬಂದ, ಎನ್.ಸಿ.ಇ.ಆರ್.ಟಿ. ಪುಸ್ತಕವನ್ನು ಅನುಸರಿಸಿದ ಒಂಬತ್ತನೆಯ ತರಗತಿಯ ವಿಜ್ಞಾನದ ಪಾಠವನ್ನು. ಜೊತೆಗೆ ಅದನ್ನು ಓದಿ ಬಂದ ವಿದ್ಯಾರ್ಥಿಗಳ ಉತ್ತರಗಳನ್ನು.

ಈ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯವರು. ಈ ಪ್ರದೇಶದ ವಿಷಯದಲ್ಲಿ ಒಂದು ಮಾತನ್ನು ನೆನಪಿಡಬೇಕು. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೂಗಳತೆಯ ಯಳಂದೂರು ಮೈಸೂರಿನದಾಗಿತ್ತು. ಹನೂರಿನ ಕಡೆಯ ಎಷ್ಟೋ ಮನೆಗಳಲ್ಲಿ ಇಂದಿಗೂ ತಮಿಳು ಮಾತು. ಬೆಟ್ಟದ ಪೋಡುಗಳಲ್ಲಿ ಸೋಲಿಗರ ನುಡಿ. ಅಂಥ ಮಗುವಿಗೆ ಪಠ್ಯಪುಸ್ತಕದ ಕನ್ನಡವೇ ಒಂದು ಮೆಟ್ಟಲು. ಆ ಮೆಟ್ಟಲನ್ನು ಹತ್ತಿ ಹತ್ತನೆಯ ತರಗತಿಯನ್ನು ಮುಗಿಸಿದ ಮೇಲೆ, ವಿಜ್ಞಾನವನ್ನು ಆರಿಸಿಕೊಂಡರೆ, ಪದವಿಪೂರ್ವ ತರಗತಿಯಲ್ಲಿ ಇಂಗ್ಲಿಷಿನ ಇನ್ನೊಂದು ಮೆಟ್ಟಲು. ಮೊದಲ ಮೆಟ್ಟಲಿನಲ್ಲಿ ಅರ್ಥವು ಕೈಗೆ ಸಿಕ್ಕಿದ್ದರೆ ಎರಡನೆಯದರಲ್ಲಿ ಬದಲಾಗುವುದು ಹೆಸರು ಮಾತ್ರ. ಸಿಕ್ಕದೆ ಹೋಗಿದ್ದರೆ ಎರಡು ಭಾಷೆಗಳಲ್ಲಿಯೂ ಕಂಠಪಾಠವೇ ಗತಿ. ಆದ್ದರಿಂದ ಪಾಠದ ಒಂದೊಂದು ಶಬ್ದವೂ ಇಲ್ಲಿ ವಿಚಾರಾರ್ಹ.

ಮೊದಲು ಹೆಸರಿನ ಮಾತು. ರಸಾಯನಶಾಸ್ತ್ರದಲ್ಲಿ ಧಾತುವಿನ ಅತಿ ಸಣ್ಣ ಘಟಕ ಪರಮಾಣು. ಪರಮಾಣುಗಳು ಕೂಡಿ ಆದದ್ದು ಅಣು. ಈ ಹಂಚಿಕೆ ಸೊಗಸಾದುದು, ಪರಂಪರೆಗೂ ಒಪ್ಪುವಂಥದು. ವೈಶೇಷಿಕರ ಮತದಲ್ಲಿ ಎರಡು ಪರಮಾಣು ಸೇರಿ ದ್ವ್ಯಣುಕ, ಮೂರು ದ್ವ್ಯಣುಕ ಸೇರಿ ತ್ರ್ಯಣುಕ. ಕಿಟಕಿಯ ಬಿಸಿಲುಕೋಲಿನಲ್ಲಿ ತೇಲುವ ಧೂಳಿನ ಕಣವೇ ಕಣ್ಣಿಗೆ ಕಾಣುವ ತ್ರ್ಯಣುಕವೆಂದು ಅವರ ಲೆಕ್ಕ. ಈ ಲೆಕ್ಕವನ್ನು ಡಾಲ್ಟನನ ಸಿದ್ಧಾಂತಕ್ಕೆ ಸಮೀಕರಿಸಿ ಹೆಮ್ಮೆಪಡುವುದು ಅನಾವಶ್ಯಕ. ತೂಕದ ಪ್ರಮಾಣಗಳನ್ನು ಅಳೆದು ಕಟ್ಟಿದ ಸಿದ್ಧಾಂತಕ್ಕೂ ತರ್ಕದಿಂದ ಕಟ್ಟಿದ ಸಿದ್ಧಾಂತಕ್ಕೂ ಅಂತರವಿದೆ. ಆದರೆ ಶಬ್ದಗಳ ಜೋಡಣೆ ಮಾತ್ರ ನಮಗೆ ಸಿದ್ಧವಾಗಿಯೇ ದೊರೆಯಿತು. ಹೀಗಿದ್ದೂ ಪತ್ರಿಕೆಗಳು ಅಣುಬಾಂಬು ಎಂದವು, ಅಣುಶಕ್ತಿ ಎಂದವು, ಕೈಗಾದಲ್ಲಿರುವುದು ಅಣುಸ್ಥಾವರವಾಯಿತು. ಒಂಬತ್ತನೆಯ ತರಗತಿಯಲ್ಲಿ ನೀರಿನ ಅಣು, ಸಕ್ಕರೆಯ ಅಣು ಎಂದು ಕಲಿತ ವಿದ್ಯಾರ್ಥಿಯು ಅಣುಶಕ್ತಿಯೆಂದರೆ ನೀರಿನ ಅಣು ಒಡೆದಾಗ ಬರುವ ಶಕ್ತಿಯೆಂದು ಬರೆದರೆ ಅವನನ್ನು ದೂರುವುದು ಹೇಗೆ? ಪಾಠದಲ್ಲಿ ಈ ತೊಡಕಿನ ಬಗ್ಗೆ ಎರಡು ಸಾಲು ಇದ್ದಿದ್ದರೆ ಸಾಕಾಗಿತ್ತು. ಇಂಗ್ಲಿಷ್ ಮೂಲದಲ್ಲಿ ಆ ತೊಡಕೇ ಇಲ್ಲದ ಕಾರಣ ಕನ್ನಡದಲ್ಲಿಯೂ ಆ ಎರಡು ಸಾಲು ಬರಲಿಲ್ಲ. ಭಾಷಾಂತರದ ಪಠ್ಯಕ್ಕೆ ಇದೊಂದು ಸಹಜ ದೌರ್ಬಲ್ಯ: ಮೂಲಕ್ಕೆ ಇರುವ ಸಂದೇಹಗಳಿಗಷ್ಟೇ ಅದು ಉತ್ತರ ಹೇಳುತ್ತದೆ, ತನ್ನ ಓದುಗನ ಸಂದೇಹಗಳಿಗಲ್ಲ.

ಇದಕ್ಕಿಂತ ಕುತೂಹಲಕರವಾದುದು ಬೀಜದ ಕಥೆ. ಥಾಮ್ಸನ್ನನ ಮಾದರಿಯನ್ನು ವಿವರಿಸುವಾಗ ಪಾಠವು ಎರಡು ಹೋಲಿಕೆಗಳನ್ನು ಕೊಡುತ್ತದೆ. ಒಂದು ಕ್ರಿಸ್‌ಮಸ್ ಪುಡಿಂಗು. ಅದನ್ನು ಹನೂರಿನ ಹುಡುಗರು ಕಂಡಿರಲಾರರು. ಇನ್ನೊಂದು ಕಲ್ಲಂಗಡಿ, ಅದನ್ನು ಎಲ್ಲರೂ ಬಲ್ಲರು. ಹಣ್ಣಿನ ಕೆಂಪು ತಿರುಳು ಧನಾವೇಶ, ಅದರೊಳಗೆ ಅಲ್ಲಲ್ಲಿ ನೆಟ್ಟ ಬೀಜಗಳು ಎಲೆಕ್ಟ್ರಾನುಗಳು. ಒಳ್ಳೆಯದು. ಅನಂತರ ರುದರ್‌ಫರ್ಡನ ಮಾದರಿ ಬರುತ್ತದೆ, ನ್ಯೂಕ್ಲಿಯಸ್ ಬರುತ್ತದೆ. ಲ್ಯಾಟಿನ್ನಿನಲ್ಲಿ ಆ ಶಬ್ದದ ಅರ್ಥ ಕಾಯಿಯೊಳಗಿನ ತಿರುಳು, ಬೀಜ. ಅದಕ್ಕೆ ಅನುಗುಣವಾಗಿಯೇ ಕನ್ನಡದಲ್ಲಿ ಅದನ್ನು ಬೀಜವೆಂದು ಕರೆದವರುಂಟು; ಅದರ ಒಡೆಯುವಿಕೆಗೆ ಬೈಜಿಕ ವಿದಳನ, ಕೂಡುವಿಕೆಗೆ ಬೈಜಿಕ ಸಮ್ಮಿಳನ ಎಂಬ ಹೆಸರುಗಳು ಪಠ್ಯಪುಸ್ತಕಗಳಲ್ಲಿ ನೆಲೆನಿಂತವು. ಪರಿಣಾಮವಾಗಿ ಮೊದಲ ಚಿತ್ರದಲ್ಲಿ ಬೀಜವೆಂದರೆ ಋಣಾವೇಶದ ಹಗುರ ಕಣ. ಮುಂದಿನ ಮಾತಿನಲ್ಲಿ ಬೀಜವೆಂದರೆ ಧನಾವೇಶದ ಭಾರವಾದ ಕೇಂದ್ರ. ತಿರುಳಿನ ಗತಿಯೂ ಹಾಗೆಯೇ: ಮೊದಲು ಎಲ್ಲೆಡೆ ಹರಡಿದ್ದು, ಆಮೇಲೆ ನಡುವೆ ಕುಳಿತದ್ದು. ಪಾಠವನ್ನು ಬರೆದವರು ಇದನ್ನು ಗಮನಿಸಿದ್ದರೆ ಇದನ್ನೇ ಲಾಭವಾಗಿ ತಿರುಗಿಸಿಕೊಳ್ಳಬಹುದಾಗಿತ್ತು. ಕಲ್ಲಂಗಡಿಯಂತೆ ಎಂದುಕೊಂಡಿದ್ದದ್ದು ಮಾವಿನ ಹಣ್ಣಿನಂತೆ ನಡುವೆ ಒಂದೇ ಗೊರಟೆಯುಳ್ಳದ್ದೆಂದು ತಿಳಿಯಿತು ಎಂದರೆ, ಎರಡು ಮಾದರಿಗಳ ನಡುವಣ ವಿರೋಧವು ಒಂದೇ ವಾಕ್ಯದಲ್ಲಿ ಕಣ್ಣಿಗೆ ಕಟ್ಟುತ್ತಿತ್ತು.

ಅಂದಹಾಗೆ, ಈ ಕಲ್ಲಂಗಡಿಯಾಗಲಿ ಪುಡಿಂಗಾಗಲಿ ಥಾಮ್ಸನ್ನನ ಮಾತಲ್ಲ. 1904ರ ತನ್ನ ಲೇಖನದಲ್ಲಿ ಆತ ಎಲೆಕ್ಟ್ರಾನುಗಳನ್ನು ನೆಟ್ಟು ಕೂರಿಸಲಿಲ್ಲ. ಧನಾವೇಶದ ಗೋಳದೊಳಗೆ ಉಂಗುರಗಳಾಗಿ ಸುತ್ತುವಂತೆ ಮಾಡಿ, ಎಷ್ಟು ಕಣಗಳ ಉಂಗುರ ಸ್ಥಿರವಾಗಿ ನಿಲ್ಲುತ್ತದೆಂದು ಲೆಕ್ಕ ಹಾಕಿದ. ಧಾತುಗಳ ಗುಣಗಳು ಆವರ್ತಿಸುವುದಕ್ಕೆ ಈ ಉಂಗುರಗಳಲ್ಲಿ ಕಾರಣ ಹುಡುಕಿದ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಬೇಕಾದ ಎಳೆ ಅದೇ. ಹೋಲಿಕೆಯ ಸೌಕರ್ಯಕ್ಕಾಗಿ ಅದನ್ನೇ ಕಳೆದುಕೊಂಡಿದ್ದೇವೆ.

ರುದರ್‌ಫರ್ಡನ ಪ್ರಯೋಗ ಈ ಪಾಠದ ಹೃದಯಭಾಗ. ಚಿನ್ನದ ತೆಳು ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದಾಗ ಬಹುಪಾಲು ನೇರವಾಗಿ ಸಾಗಿದವು, ಕೆಲವು ಓರೆಯಾದವು, ಅತ್ಯಲ್ಪ ಹಿಂದಕ್ಕೆ ಪುಟಿದವು. ಅತ್ಯಲ್ಪವೆಂದರೆ ಎಷ್ಟು? ಒಂಬತ್ತನೆಯ ತರಗತಿಯ ಪುಸ್ತಕವು 12,000ಕ್ಕೆ ಒಂದು ಎನ್ನುತ್ತದೆ. ಅದೇ ಸಂಸ್ಥೆಯ ಹನ್ನೊಂದನೆಯ ತರಗತಿಯ ರಸಾಯನಶಾಸ್ತ್ರವು 20,000ಕ್ಕೆ ಒಂದು ಎಂದು ಹೇಳಿ, ಅವು ಸುಮಾರು 180 ಅಂಶದಷ್ಟು ತಿರುಗಿದವು ಎಂದು ಸೇರಿಸುತ್ತದೆ. ಗೈಗರ್ ಮತ್ತು ಮಾರ್ಸ್‌ಡೆನ್ 1909ರಲ್ಲಿ ಪ್ಲಾಟಿನಂ ಫಲಕಕ್ಕೆ ಕೊಟ್ಟ ಸಂಖ್ಯೆ ಸುಮಾರು 8,000ಕ್ಕೆ ಒಂದು. ರುದರ್‌ಫರ್ಡ್ 1911ರಲ್ಲಿ ಉಲ್ಲೇಖಿಸಿದ 20,000ಕ್ಕೆ ಒಂದು ಎಂಬುದು 0.00004 ಸೆಂಟಿಮೀಟರು ದಪ್ಪದ ಚಿನ್ನದ ಹಾಳೆಗೆ ಸಂಬಂಧಿಸಿದ್ದು. ಅಲ್ಲಿ ಹೇಳಿರುವುದು ಸರಾಸರಿ 90 ಅಂಶದ ತಿರುವು, 180 ಅಲ್ಲ. ಸಂಖ್ಯೆಯು ಲೋಹವನ್ನೂ ಅದರ ದಪ್ಪವನ್ನೂ ಅವಲಂಬಿಸಿದೆ ಎಂಬ ಒಂದು ವಾಕ್ಯವಿದ್ದಿದ್ದರೆ ಈ ಗೊಂದಲ ಉಂಟಾಗುತ್ತಿರಲಿಲ್ಲ. ಅದಿಲ್ಲದೆ ವಿದ್ಯಾರ್ಥಿಯು ಒಂಬತ್ತರಲ್ಲಿ ಒಂದು ಸಂಖ್ಯೆಯನ್ನು ಬಾಯಿಪಾಠ ಮಾಡಿ ಹನ್ನೊಂದರಲ್ಲಿ ಅದನ್ನು ಅಳಿಸಿ ಇನ್ನೊಂದನ್ನು ಬರೆದುಕೊಳ್ಳುತ್ತಾನೆ. ಅಳತೆಯಿಂದ ಬಂದ ಜ್ಞಾನವೂ ಅಪ್ಪಣೆಯಿಂದ ಬಂದಂತೆ ತೋರುತ್ತದೆ.

ಪ್ರಮಾಣದ ವಿಷಯದಲ್ಲಿಯೂ ಇಂಥದೇ ತೊಂದರೆ. ನ್ಯೂಕ್ಲಿಯಸ್ಸಿನ ತ್ರಿಜ್ಯ ಪರಮಾಣುವಿನದಕ್ಕಿಂತ ಲಕ್ಷಪಟ್ಟು ಕಡಮೆಯೆಂದು ವಾಕ್ಯ ಹೇಳುತ್ತದೆ. ಪಕ್ಕದಲ್ಲಿರುವ ಚಿತ್ರದಲ್ಲಿ ನ್ಯೂಕ್ಲಿಯಸ್ ಕಡಲೆಯ ಗಾತ್ರ, ಮೊದಲ ಕಕ್ಷೆ ಅದರಿಂದ ಒಂದು ಬೆರಳಗಲ ದೂರ. ಕಣ್ಣು ಚಿತ್ರವನ್ನು ನಂಬುತ್ತದೆ, ವಾಕ್ಯವನ್ನಲ್ಲ. ಲಕ್ಷವೆಂಬುದೂ ಎಲ್ಲ ಧಾತುಗಳಿಗೆ ಹೊಂದದು. ಹೈಡ್ರೊಜನ್ನಿನಲ್ಲಿ ಅದು ಅರವತ್ತು ಸಾವಿರಕ್ಕೆ ಮೇಲೆ. ಪ್ರಯೋಗಕ್ಕೆ ಬಳಸಿದ ಚಿನ್ನದಲ್ಲಿ ಸುಮಾರು ಇಪ್ಪತ್ತು ಸಾವಿರ. ನಮ್ಮ ಕಡೆಯ ಮಗುವಿಗೆ ಇದನ್ನು ರಾಗಿಯ ಕಾಳಿನಿಂದ ತೋರಿಸಬಹುದು. ಒಂದೂವರೆ ಮಿಲಿಮೀಟರು ವ್ಯಾಸದ ರಾಗಿಕಾಳನ್ನು ಚಿನ್ನದ ನ್ಯೂಕ್ಲಿಯಸ್ ಎಂದುಕೊಂಡರೆ ಪರಮಾಣುವಿನ ವ್ಯಾಸ 30 ಮೀಟರು; ಶಾಲೆಯ ಅಂಗಳಕ್ಕೆ ಸರಿಹೋದೀತು. ಹೈಡ್ರೊಜನ್ನಿನದೆಂದುಕೊಂಡರೆ ಸುಮಾರು 95 ಮೀಟರು. ಅಂಗಳದ ನಡುವೆ ಕಾಳನ್ನಿಟ್ಟು ಬೇಲಿಯ ಬಳಿ ನಿಂತು ಅದನ್ನು ಹುಡುಕಿದವನು ಬಹುಪಾಲು ಆಲ್ಫಾ ಕಣಗಳು ನೇರವಾಗಿ ಸಾಗಿದ್ದೇಕೆಂದು ಮತ್ತೆ ಕೇಳುವುದಿಲ್ಲ.

ಕಕ್ಷೆಯ ಚಿತ್ರದಿಂದಾಗುವ ಇನ್ನೊಂದು ಅನಾಹುತವನ್ನು ನಾವು ಕಣ್ಣಾರೆ ಕಂಡೆವು. ಹಲಗೆಯ ಮೇಲೆ ವೃತ್ತಗಳನ್ನು ಬರೆದು ಮುಗಿಸಿದಾಗ ಯಳಂದೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು, ‘ಆ ಬಳೆಗಳು ಯಾತರಿಂದ ಆದವು, ಸಾರ್?’ ಎಂದು ಕೇಳಿದಳು. ತರಗತಿ ನಕ್ಕಿತು. ಆಕೆ ಗೌರೀಶ್ವರ ದೇವಾಲಯದ ಬಳೆಮಂಟಪವನ್ನು ನೋಡಿ ಬೆಳೆದವಳು. ಅಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಬಳೆಗಳು ಒಂದರೊಳಗೊಂದು ತೂಗುತ್ತವೆ. ಪ್ರಶ್ನೆ ಅಸಂಬದ್ಧವಾಗಿರಲಿಲ್ಲ. ಪಾಠವೇ ಆ ವೃತ್ತಗಳಿಗೆ ಕವಚವೆಂಬ ಹೆಸರಿಟ್ಟಿದೆ. ಕವಚವೆಂದರೆ ಕನ್ನಡಿಗರಿಗೆ ನೆನಪಾಗುವುದು ಕರ್ಣನ ಮೈಗಂಟಿದ ಗಟ್ಟಿ ಹೊದಿಕೆ. ಎಲೆಕ್ಟ್ರಾನಿಗೆ ಇರಬಹುದಾದ ಶಕ್ತಿಯ ಮಟ್ಟವನ್ನು ಸೂಚಿಸುವ ಗೆರೆ ಅದು, ವಸ್ತುವಲ್ಲ ಎಂದು ಪುಸ್ತಕವು ಚಿತ್ರದ ಅಡಿಯಲ್ಲಿಯೇ ಹೇಳಬೇಕಾಗಿತ್ತು. ನಾವೂ ಹೇಳದೆ ಬಿಟ್ಟಿದ್ದೆವು.

ಕವಚಗಳ ಲೆಕ್ಕದಲ್ಲಿ ಪಾಠವು ಕೊಡುವ ನಿಯಮ ಇದು: ಒಂದು ಕವಚದಲ್ಲಿ ಅದರ ಕ್ರಮಸಂಖ್ಯೆಯ ವರ್ಗದ ಎರಡರಷ್ಟು ಎಲೆಕ್ಟ್ರಾನು ಹಿಡಿಸುತ್ತವೆ, ಎಂದರೆ 2, 8, 18. ಜೊತೆಗೆ ಹೊರಗಿನ ಕವಚದಲ್ಲಿ ಎಂಟಕ್ಕಿಂತ ಹೆಚ್ಚಿರಬಾರದು. ಕ್ಯಾಲ್ಸಿಯಂವರೆಗೆ ಇದು ಉತ್ತರವನ್ನು ಒದಗಿಸುತ್ತದೆ, ಕಾರಣವನ್ನಲ್ಲ. ಪೊಟ್ಯಾಸಿಯಂನ ಹತ್ತೊಂಬತ್ತನೆಯ ಎಲೆಕ್ಟ್ರಾನು ಮೂರನೆಯ ಕವಚದಲ್ಲಿ ಹತ್ತು ಸ್ಥಾನ ತೆರವಿರುವಾಗ ನಾಲ್ಕನೆಯದಕ್ಕೆ ಹೋಗುವುದೇಕೆ? ಗದ್ದೆಗೆ ಪೊಟ್ಯಾಷ್ ಹಾಕುವ ಮನೆಯ ಹುಡುಗ ಕೇಳಿದ ಪ್ರಶ್ನೆಯಿದು. ಉತ್ತರಕ್ಕೆ ಕಕ್ಷಕಗಳ ಕಲ್ಪನೆ ಬೇಕು. ಅದು ಮುಂದಿನ ತರಗತಿಯದು. ಅದನ್ನು ಇಲ್ಲಿಯೇ ಕಲಿಸಬೇಕೆಂದು ನಾವು ವಾದಿಸುವುದಿಲ್ಲ. ಪ್ರಶ್ನೆ ಇದೆ, ಉತ್ತರ ಮುಂದಿದೆ ಎಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆಯನ್ನಷ್ಟೇ ಕೇಳುತ್ತೇವೆ.

ದೋಷಗಳನ್ನೇ ಎಣಿಸಿದರೆ ಅನ್ಯಾಯವಾದೀತು. ಕನ್ನಡದ ಪರಿಭಾಷೆ ಇಂಗ್ಲಿಷಿಗಿಂತ ಮೇಲಾಗಿರುವ ಎಡೆಗಳೂ ಉಂಟು. ಋಣ ಮತ್ತು ಧನ ಎಂಬ ಜೋಡಿ ಅಂಥದು. ಎಲೆಕ್ಟ್ರಾನನ್ನು ಕಳೆದುಕೊಂಡ ಸೋಡಿಯಂ ಪರಮಾಣು ಧನ ಅಯಾನು ಆಗುವುದೆಂದರೆ ಮೊದಲಲ್ಲಿ ಎಲ್ಲರೂ ತಬ್ಬಿಬ್ಬಾಗುತ್ತಾರೆ: ಕಳೆದುಕೊಂಡದ್ದಕ್ಕೆ ಕೂಡಿಸುವ ಚಿಹ್ನೆಯೇ? ಕನ್ನಡದಲ್ಲಿ ಇದು ಒಗಟಲ್ಲ. ಸಾಲ ತೀರಿಸಿದವನ ಲೆಕ್ಕ ಧನದ ಕಡೆಗೆ ವಾಲುತ್ತದೆ. ಇನ್ನೊಬ್ಬರ ಸಾಲ ಹೊತ್ತ ಕ್ಲೋರಿನ್ ಋಣಿಯಾಗುತ್ತದೆ. ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಗಳಲ್ಲಿ ಋಣವೆಂದರೆ ಏನೆಂಬುದನ್ನು ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಇಷ್ಟು ಸಮೃದ್ಧವಾದ ಶಬ್ದವನ್ನು ಪಾಠವು ಬರಿಯ ಗುರುತಿನ ಚೀಟಿಯಂತೆ ಬಳಸಿ ಮುಂದೆ ಸಾಗುತ್ತದೆ. ಸಮಸ್ಥಾನಿ ಎಂಬ ಶಬ್ದವೂ ಹಾಗೆಯೇ. ಸಾಡಿ 1913ರಲ್ಲಿ ಬಳಕೆಗೆ ತಂದ ಗ್ರೀಕ್ ಮೂಲದ ಹೆಸರಿನ ಅರ್ಥ ಇದೇ: ಆವರ್ತಕೋಷ್ಟಕದಲ್ಲಿ ಒಂದೇ ಸ್ಥಾನವುಳ್ಳದ್ದು. ಇಂಗ್ಲಿಷ್ ವಿದ್ಯಾರ್ಥಿಗೆ ಮರೆಯಾಗಿರುವ ಅರ್ಥ ಕನ್ನಡದವನಿಗೆ ಮೇಲೆಯೇ ಕಾಣುತ್ತದೆ.

ಇನ್ನು ಪ್ರೋಟಾನು, ನ್ಯೂಟ್ರಾನುಗಳ ಪ್ರಸಂಗ. 1886ರಲ್ಲಿ ಗೋಲ್ಡ್‌ಸ್ಟೈನ್ ವಿಸರ್ಜನ ನಳಿಕೆಯಲ್ಲಿ ಹೊಸ ಕಿರಣಗಳನ್ನು ಕಂಡ. ಅದು ಕೊನೆಗೆ ಇನ್ನೊಂದು ಕಣದ ಶೋಧಕ್ಕೆ ಕಾರಣವಾಯಿತು. ಅದಕ್ಕೆ ಪ್ರೋಟಾನೆಂದು ಹೆಸರಿಡಲಾಯಿತು ಎಂಬುದು ಪಾಠದ ಧಾಟಿ. ಹೆಸರಿಟ್ಟವರು ಯಾರು, ಯಾವಾಗ ಎಂಬುದಿಲ್ಲ. ಕರ್ಮಣಿ ಪ್ರಯೋಗವು ಕರ್ತೃವನ್ನು ನುಂಗಿಬಿಟ್ಟಿದೆ. ಫಲವಾಗಿ ನೂರರಲ್ಲಿ ತೊಂಬತ್ತು ಉತ್ತರಪತ್ರಿಕೆಗಳಲ್ಲಿ ಪ್ರೋಟಾನನ್ನು ಕಂಡುಹಿಡಿದವನು ಗೋಲ್ಡ್‌ಸ್ಟೈನ್, 1886 ಎಂದೇ ಇರುತ್ತದೆ. ಆತ ಕಂಡ ಕಿರಣಗಳು ನಳಿಕೆಯಲ್ಲಿ ಯಾವ ಅನಿಲವಿದೆಯೋ ಅದರ ಧನ ಅಯಾನುಗಳು. ಹೈಡ್ರೊಜನ್ ಇದ್ದಾಗ ಮಾತ್ರ ಅವು ಪ್ರೋಟಾನುಗಳಾಗಬಲ್ಲವು. ಸಾರಜನಕದ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿ ಹೈಡ್ರೊಜನ್ನಿನ ನ್ಯೂಕ್ಲಿಯಸ್ಸು ಇತರ ಪರಮಾಣುಗಳಲ್ಲಿಯೂ ಇದೆಯೆಂದು 1919ರಲ್ಲಿ ಪ್ರಕಟಿಸಿದವನೂ, 1920ರಲ್ಲಿ ಅದಕ್ಕೆ ಹೆಸರಿಟ್ಟವನೂ ರುದರ್‌ಫರ್ಡ್.

ನ್ಯೂಟ್ರಾನಿನ ಪಾಲಿಗೆ ಬಂದಿರುವುದು ಕೆಲವೇ ಸಾಲುಗಳು. 1932ರಲ್ಲಿ ಚಾಡ್ವಿಕ್ ಅದನ್ನು ಕಂಡುಹಿಡಿದ, ಅದಕ್ಕೆ ಆವೇಶವಿಲ್ಲ, ಹೈಡ್ರೊಜನ್ನಿನ ಹೊರತು ಎಲ್ಲ ಪರಮಾಣುಗಳಲ್ಲಿ ಅದಿದೆ. ಅದೇ ಪಾಠದ ಮುಂದಿನ ಭಾಗದಲ್ಲಿ ಹೈಡ್ರೊಜನ್ನಿನ ಮೂರು ಸಮಸ್ಥಾನಿಗಳು ಬರುತ್ತವೆ. ಡ್ಯುಟೀರಿಯಂನಲ್ಲಿ ಒಂದು ನ್ಯೂಟ್ರಾನು, ಟ್ರೀಷಿಯಂನಲ್ಲಿ ಎರಡು. ಮೊದಲು ಹೇಳಿದ ಮಾತು ಸುಳ್ಳಾಯಿತೆಂದು ಪಾಠಕ್ಕೆ ನೆನಪಿಲ್ಲ. ಅಲ್ಲದೆ, ಆವೇಶವಿಲ್ಲದ, ರಾಸಾಯನಿಕ ಕ್ರಿಯೆಯಲ್ಲಿ ಪಾಲ್ಗೊಳ್ಳದ ಈ ಕಣದಿಂದ ಪ್ರಯೋಜನವೇನೆಂಬ ಭಾವನೆ ವಿದ್ಯಾರ್ಥಿಯಲ್ಲಿ ಉಳಿದುಬಿಡುತ್ತದೆ. ಇದಕ್ಕೆ ಉತ್ತರ ಯಳಂದೂರಿನ ನೆತ್ತಿಯ ಮೇಲೆಯೇ ಇದೆ.

ಬಿಳಿಗಿರಿರಂಗನ ಬೆಟ್ಟದ ಬಂಡೆಗಳಲ್ಲಿ ಚಾರ್ನೊಕೈಟ್ ಎಂಬ ಜಾತಿಯದು ಹೇರಳ. ಕಲ್ಕತ್ತೆಯಲ್ಲಿ ಜಾಬ್ ಚಾರ್ನಾಕನ ಸಮಾಧಿಗೆ ಹಾಸಿದ, ಮದರಾಸಿನ ಕಡೆಯಿಂದ ಹೋದ ಕಲ್ಲನ್ನು ನೋಡಿ ಭೂವಿಜ್ಞಾನಿ ಹಾಲಂಡ್ ಇಟ್ಟ ಹೆಸರಿದು. ಇಂಥ ಬಂಡೆಗಳಲ್ಲಿ ಜಿರ್ಕಾನ್ ಎಂಬ ಖನಿಜದ ಸೂಕ್ಷ್ಮ ಹರಳುಗಳಿರುತ್ತವೆ. ಹರಳು ಮೈದಳೆಯುವಾಗ ಜಿರ್ಕೋನಿಯಂನ ಸ್ಥಾನದಲ್ಲಿ ಅಲ್ಲಲ್ಲಿ ಯುರೇನಿಯಂ ಸೇರಿಕೊಳ್ಳುತ್ತದೆ, ಏಕೆಂದರೆ ಎರಡರ ಅಯಾನುಗಳಲ್ಲಿಯೂ ನಾಲ್ಕು ಧನಾವೇಶ, ಗಾತ್ರದಲ್ಲಿಯೂ ಅಷ್ಟಾಗಿ ವ್ಯತ್ಯಾಸವಿಲ್ಲ. ಸೀಸದ ಅಯಾನಿಗೆ ಎರಡೇ ಧನಾವೇಶ, ಗಾತ್ರವೂ ಹೆಚ್ಚು. ಅದಕ್ಕೆ ಅಲ್ಲಿ ಎಡೆಯಿಲ್ಲ. ಇಷ್ಟೂ ಎಲೆಕ್ಟ್ರಾನುಗಳ ವ್ಯವಹಾರ, ಶುದ್ಧ ರಸಾಯನಶಾಸ್ತ್ರ. ಹೀಗಿರಲಾಗಿ ಇಂದು ಅದೇ ಹರಳಿನಲ್ಲಿ ಸೀಸವಿದ್ದರೆ ಅದು ಹೊರಗಿನಿಂದ ಬಂದದ್ದಲ್ಲ, ಒಳಗಿನ ಯುರೇನಿಯಂ ಕ್ಷಯಿಸಿ ಆದದ್ದೆಂದು ಎಣಿಸಬಹುದು. ಯುರೇನಿಯಂನ ಎರಡು ಸಮಸ್ಥಾನಿಗಳಲ್ಲಿಯೂ ಪ್ರೋಟಾನು 92. ಒಂದರಲ್ಲಿ ನ್ಯೂಟ್ರಾನು 143, ಇನ್ನೊಂದರಲ್ಲಿ 146. ಹರಳಿಗೆ ಈ ಭೇದ ತಿಳಿಯದು. ಎರಡನ್ನೂ ಒಂದೇ ಸಮನೆ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಆ ಮೂರು ನ್ಯೂಟ್ರಾನುಗಳ ಅಂತರದಿಂದ ಒಂದರ ಅರ್ಧಾಯುಷ್ಯ ಸುಮಾರು 70 ಕೋಟಿ ವರ್ಷ, ಇನ್ನೊಂದರದು ಸುಮಾರು 447 ಕೋಟಿ. ಈ ಬೆಟ್ಟಸಾಲಿನ ಚಾರ್ನೊಕೈಟು ಸುಮಾರು 250 ಕೋಟಿ ವರ್ಷಗಳ ಹಿಂದೆ ಆಳದ ಶಾಖದಲ್ಲಿ ರೂಪುಗೊಂಡಿತು. ಅಂದು ಹುಟ್ಟಿದ ಹರಳಿನಲ್ಲಿ ಇಂದು 238ರ ಯುರೇನಿಯಂ ಮೂರರಲ್ಲಿ ಒಂದು ಪಾಲಿನಷ್ಟು ಸೀಸವಾಗಿದೆ. 235ರದು ಹನ್ನೆರಡರಲ್ಲಿ ಒಂದು ಪಾಲಷ್ಟೇ ಉಳಿದಿದೆ. ಎರಡು ಗಡಿಯಾರಗಳೂ ಒಂದೇ ವಯಸ್ಸನ್ನು ತೋರಿಸಿದರೆ ಲೆಕ್ಕವನ್ನು ನಂಬಬಹುದು. ನ್ಯೂಟ್ರಾನು ಏನು ಮಾಡುತ್ತದೆಂದು ತಿಳಿಸಲು ಇದಕ್ಕಿಂತ ಸಮೀಪದ ಉದಾಹರಣೆ ಈ ತಾಲ್ಲೂಕುಗಳ ಮಕ್ಕಳಿಗೆ ದೊರೆಯದು. ಪುಸ್ತಕದಲ್ಲಿರುವುದು ಕ್ಲೋರಿನ್ನಿನ 35 ಮತ್ತು 37, ಮತ್ತೆ ಗಳಗಂಡಕ್ಕೆ ಅಯೊಡಿನ್. ಅವೂ ಬೇಕು, ಸಂದೇಹವಿಲ್ಲ.

ಎಲೆಕ್ಟ್ರಾನು, ಪ್ರೋಟಾನು, ನ್ಯೂಟ್ರಾನುಗಳನ್ನು ಮೂಲಭೂತ ಕಣಗಳೆಂದು ಕರೆಯುವ ಅಭ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೂರರಲ್ಲಿ ಎಲೆಕ್ಟ್ರಾನಿಗೆ ಮಾತ್ರ ಆ ಹೆಸರು ಇಂದಿಗೂ ಸಲ್ಲುತ್ತದೆ, ಉಳಿದೆರಡರೊಳಗೆ ಕ್ವಾರ್ಕುಗಳಿವೆ. ರಸಾಯನಶಾಸ್ತ್ರದ ಪ್ರವೇಶಕ್ಕೆ ಮೂರು ಸಾಕು. ಹೆಸರನ್ನು ಮಾತ್ರ ತಿದ್ದಿಕೊಳ್ಳಬೇಕು. ಆದರೆ ಈ ಕಣಗಳೆಲ್ಲ ಕೇಂಬ್ರಿಜ್ಜಿನಲ್ಲಿಯೋ ಮ್ಯಾಂಚೆಸ್ಟರಿನಲ್ಲಿಯೋ ಮಾತ್ರ ಕಾಣಿಸಿಕೊಳ್ಳುವಂಥವು ಎಂಬ ಭಾವನೆಯನ್ನು ಬಿಡಿಸುವುದಕ್ಕೆ ಒಂದು ಸಂಗತಿಯನ್ನು ಇಲ್ಲಿ ಹೇಳಬಹುದು. ಥಾಮ್ಸನ್ 1897ರಲ್ಲಿ ಎಲೆಕ್ಟ್ರಾನನ್ನು ಗುರುತಿಸಿದ ಐದು ವರ್ಷಕ್ಕೆ, 1902ರಲ್ಲಿ, ಕೊಳ್ಳೇಗಾಲದ ನೆರೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಯಿತು. ಅದೇ ಗಣಿಯ ಆಳದಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಗಣಿ 2001ರಲ್ಲಿ ಮುಚ್ಚಿತು.

ಪಾಠವನ್ನು ಹೊಸದಾಗಿ ಬರೆಯುವ ಸಂದರ್ಭ ಬಂದರೆ ಮೂಲವನ್ನು ಬದಿಗಿಟ್ಟು ಓದುಗನಿಂದ ಆರಂಭಿಸುವುದು ಲೇಸು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗ ಅವರ ಮುಂದೆ ಭಾಷಾಂತರಿಸಬೇಕಾದ ಪಠ್ಯವಿರಲಿಲ್ಲ, ಕನ್ನಡ ಓದುಗನಿದ್ದ. ಆ ಸ್ವಾತಂತ್ರ್ಯ ಪಠ್ಯಪುಸ್ತಕ ಸಮಿತಿಗೆ ಪೂರ್ಣವಾಗಿ ಇರಲಾರದು. ಚಿತ್ರದ ಅಡಿಬರಹಕ್ಕೂ ಒಂದು ಹೋಲಿಕೆಯ ಆಯ್ಕೆಗೂ ಖಂಡಿತ ಇದೆ. ಪ್ರಶ್ನೆಗಳನ್ನೂ ಬದಲಿಸಬೇಕು. ಪ್ರೋಟಾನನ್ನು ಕಂಡುಹಿಡಿದವರು ಯಾರೆಂದು ಕೇಳುವ ಬದಲು, ಆಲ್ಫಾ ಕಣಗಳೆಲ್ಲವೂ ನೇರವಾಗಿ ಸಾಗಿದ್ದರೆ ಪರಮಾಣುವಿನ ಬಗ್ಗೆ ಏನು ಹೇಳಬಹುದಾಗಿತ್ತೆಂದು ಕೇಳಬಹುದು. ಕಳೆದ ಸಾಲಿನಲ್ಲಿ ನಾವು ಈ ಪ್ರಶ್ನೆಯನ್ನು ಪದವಿಪೂರ್ವ ತರಗತಿಗೆ ಕೊಟ್ಟೆವು. ಹೆಚ್ಚಿನವರು ರುದರ್‌ಫರ್ಡನ ತೀರ್ಮಾನಗಳನ್ನು ಇಂಗ್ಲಿಷಿನಲ್ಲಿ ಯಥಾವತ್ತಾಗಿ ಬರೆದಿದ್ದರು. ಹನೂರಿನ ಹುಡುಗನೊಬ್ಬ ಮಾತ್ರ ಎರಡು ಸಾಲು ಇಂಗ್ಲಿಷ್ ಬರೆದು, ಹೊಡೆದುಹಾಕಿ, ಕೆಳಗೆ ಕನ್ನಡದಲ್ಲಿ, ಹಾಗಾದರೆ ಕಲ್ಲಂಗಡಿಯೇ ಇರಬಹುದಿತ್ತು ಎಂದು ಬರೆದಿದ್ದ.